ಕಾಸರಗೋಡಿನವರು ದಿಲ್ಲಿಗೆ ಓಟು ಹಾಕುವಾಗ

ಬೆಂಗಳೂರಿನಿಂದ ನೀವು ಕೇಳಿದ್ದು, ಕಾಸರಗೋಡಿನ ಕನ್ನಡಿಗರು ಲೋಕಸಭೆಗೆ ಯಾವ ಪಕ್ಷಕ್ಕೆ ಓಟು ಹಾಕುತ್ತಾರೆ ಅಂತ. ಎಲ್ಲರೂ ಒಂದೇ ಪಕ್ಷಕ್ಕೆ ಹಾಕುವುದಿಲ್ಲ, ಅಷ್ಟು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲೇ ಐದು ಓಟು ಉಂಟು, ಐದೂ ಒಂದೇ ಕಡೆ ಬಿದ್ದ ನೆನಪು ನನಗಿಲ್ಲ. ಆದರೆ ನಿಮ್ಮ ಮಾತಿನೊಳಗೆ ಇನ್ನೊಂದು ಪ್ರಶ್ನೆಯೂ ಇದ್ದ ಹಾಗೆ ಕಂಡಿತು. ಕನ್ನಡ ನೋಡಿ ಓಟು ಹಾಕುತ್ತೀರಾ ಅಂತ. ಅದಕ್ಕೆ ಸ್ವಲ್ಪ ಉದ್ದ ಹೇಳಬೇಕು.

ನಾನಿರುವುದು ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಯ ಹತ್ತಿರ. ಅಡಿಕೆ ತೋಟ, ನಾಲ್ಕು ತೆಂಗು, ಸ್ವಲ್ಪ ಕಾಳುಮೆಣಸು. ಅಡ್ಕಸ್ಥಳ ದಾಟಿದರೆ ಸಾರಡ್ಕ, ಅಲ್ಲಿಂದ ಕರ್ನಾಟಕ. ರೇಷನ್ ಕಾರ್ಡು ಕೇರಳದ್ದು, ಕರೆಂಟ್ ಬಿಲ್ ಮಲಯಾಳದಲ್ಲಿ ಬರುತ್ತದೆ. ಅಡಿಕೆ ಮಾರುವುದು ವಿಟ್ಲದಲ್ಲೋ ಪುತ್ತೂರಿನಲ್ಲೋ. ಜೋರು ಕಾಯಿಲೆ ಬಂದರೆ ಮಂಗಳೂರು. ಮಗಳು ಓದಿದ್ದೂ ಮಂಗಳೂರಿನಲ್ಲೇ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ನಮ್ಮ ರಾಜಧಾನಿ ತಿರುವನಂತಪುರಕ್ಕೆ 550 ಕಿ.ಮೀ.ಗೂ ಜಾಸ್ತಿ. ರಾಜಧಾನಿ ನೋಡದೆಯೇ ತೀರಿಕೊಂಡ ಹಿರಿಯರು ನಮ್ಮೂರಲ್ಲಿ ಎಷ್ಟೋ ಜನ.

ಹಾಗಾಗಿ ನಮ್ಮ ಮೇಲೆ ನಾಲ್ಕು ಸರ್ಕಾರ ಉಂಟು ಅಂತ ನಾನು ಲೆಕ್ಕ ಹಾಕುತ್ತೇನೆ. ಪಂಚಾಯತು, ತಿರುವನಂತಪುರ, ದಿಲ್ಲಿ, ಮತ್ತೆ ಬೆಂಗಳೂರು. ಓಟು ಇರುವುದು ಮೊದಲ ಮೂರಕ್ಕೆ ಮಾತ್ರ. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ, ಬಸ್ಸು, ಇದರಲ್ಲೆಲ್ಲ ನಮ್ಮನ್ನು ದಿನಾ ಮುಟ್ಟುವ ನಾಲ್ಕನೆಯದಕ್ಕೆ ನಮ್ಮ ಓಟಿಲ್ಲ. ಒಂದು ಸಣ್ಣ ಉದಾಹರಣೆ ಹೇಳುತ್ತೇನೆ. 2023ರಲ್ಲಿ ಕರ್ನಾಟಕದ ಹೆಂಗಸರಿಗೆ ಬಸ್ಸು ಉಚಿತ ಆಯಿತಲ್ವಾ, ವಿಟ್ಲದಲ್ಲಿರುವ ನನ್ನ ಅಕ್ಕ ಪುತ್ತೂರಿಗೆ ಟಿಕೆಟ್ ಇಲ್ಲದೆ ಹೋಗುತ್ತಾಳೆ, ಅದೇ ಬಸ್ಸಿನಲ್ಲಿ ಜೊತೆಗೆ ಕೂತ ನನ್ನ ಹೆಂಡತಿ ಕೇರಳದ ಆಧಾರ್ ಇರುವುದರಿಂದ ದುಡ್ಡು ಕೊಡುತ್ತಾಳೆ. ಇದರಲ್ಲಿ ಯಾರದೂ ತಪ್ಪಿಲ್ಲ. ಗಡಿ ಅಂದರೆ ಏನು ಅಂತ ನಿಮಗೆ ಗೊತ್ತಾಗಲಿ ಅಂತ ಹೇಳಿದೆ.

ಈಗ ಕನ್ನಡದ ವಿಷಯ. ನಮ್ಮ ಅಪ್ಪನ ಕಾಲದಲ್ಲಿ ಕನ್ನಡಕ್ಕೆ ಅಂತಲೇ ಓಟು ಇತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1957ರ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಉಮೇಶ ರಾವ್ ಅವರ ಎದುರು ಯಾರೂ ನಿಲ್ಲಲಿಲ್ಲ, ಅವಿರೋಧವಾಗಿ ಗೆದ್ದರು. ಆಮೇಲೂ ಕೆಲವು ಚುನಾವಣೆಗಳಲ್ಲಿ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅನ್ನುವ ಒಂದೇ ಮಾತಿನ ಮೇಲೆ ಜನ ಗೆದ್ದದ್ದುಂಟು. 1967ರಲ್ಲಿ ಗಡಿ ಜಗಳ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಅಂತ ವರದಿ ಕೊಟ್ಟಿತು. ಅದು ಜಾರಿ ಆಗಬೇಕಾದರೆ ಸಂಸತ್ತೇ ಕಾನೂನು ಮಾಡಬೇಕು. ಮಾಡಲಿಲ್ಲ. ದಿಲ್ಲಿಯಲ್ಲಿ ಎಷ್ಟೋ ಸರ್ಕಾರ ಬಂದುಹೋದವು, ಎಲ್ಲ ಪಕ್ಷದವರೂ ಕೂತೆದ್ದರು, ವರದಿ ಮಾತ್ರ ಇದ್ದಲ್ಲೇ ಉಂಟು. ಅಪ್ಪ ಕೊನೆಯವರೆಗೂ ಅದರ ಮಾತೆತ್ತುತ್ತಿದ್ದರು. ನಮ್ಮ ತಲೆಮಾರು ಎತ್ತುವುದು ಕಡಿಮೆ. ಮರೆತದ್ದಲ್ಲ. ಮಕ್ಕಳ ಶಾಲೆ, ಕೆಲಸ, ಜಾಗದ ದಾಖಲೆ ಎಲ್ಲ ಕೇರಳದಲ್ಲೇ ಬೇರು ಬಿಟ್ಟ ಮೇಲೆ ಆ ಒಂದೇ ಮಾತಿಗೆ ಓಟು ಹಾಕಿ ಕೂರಲು ಆಗುವುದಿಲ್ಲ.

ಇವತ್ತು ಕನ್ನಡಕ್ಕೆ ಇರುವ ತೊಂದರೆ ಹೆಚ್ಚಿನದೂ ತಿರುವನಂತಪುರದ ಕೈಯಲ್ಲಿರುವಂಥದ್ದು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡವೇ ಬಾರದ ಟೀಚರ್ ಬರುವುದು, ಅರ್ಜಿ ಫಾರಂ ಮಲಯಾಳದಲ್ಲಿ ಮಾತ್ರ ಸಿಗುವುದು, 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದ ಕಾನೂನು. ಆಗ ಇಲ್ಲಿ ದೊಡ್ಡ ಪ್ರತಿಭಟನೆ ಆಗಿತ್ತು. ಹಾಗಾಗಿ ಲೋಕಸಭೆಗೆ ನಿಂತವರು ಮನೆಗೆ ಬಂದು "ಕನ್ನಡ ಉಳಿಸುತ್ತೇವೆ" ಅಂದರೆ ನಾನು ಕೂಡಲೇ ಕೇಳುತ್ತೇನೆ, ಹೇಗೆ ಅಂತ. ಸಂಸದರ ಕೈಯಲ್ಲೂ ಕೆಲವು ಉಂಟು, ಇಲ್ಲ ಅಂತ ಅಲ್ಲ. ಮಕ್ಕಳಿಗೆ ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗುವ ಏರ್ಪಾಡು ಮಾಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರನ್ನು ನೋಡಿಕೊಳ್ಳಲು ಕೇಂದ್ರದ ಅಧಿಕಾರಿ ಒಬ್ಬರಿರಬೇಕು, ಅವರ ವರದಿ ಸಂಸತ್ತಿನ ಮುಂದೆ ಬರಬೇಕು. ಆ ವರದಿ ಹಿಡಿದು ಮಾತಾಡುವವರು ಬೇಕು. ತುಳುವನ್ನು ಸಂವಿಧಾನದ ಭಾಷೆಗಳ ಪಟ್ಟಿಯಾದ 8ನೇ ಪರಿಚ್ಛೇದಕ್ಕೆ ಸೇರಿಸುವುದೂ ದಿಲ್ಲಿಯ ಕೆಲಸವೇ. ನಮ್ಮಲ್ಲಿ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಕೊಂಕಣಿಯೋ ಮರಾಟಿಯೋ ಆಡುವವರು ಜಾಸ್ತಿ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಇನ್ನು ಲೆಕ್ಕ. ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರ: ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡ್, ತ್ರಿಕರಿಪುರ, ಆಮೇಲೆ ಕಣ್ಣೂರು ಜಿಲ್ಲೆಯ ಪಯ್ಯನ್ನೂರು ಮತ್ತು ಕಲ್ಯಾಶ್ಶೇರಿ. ಕನ್ನಡ ಜೋರಾಗಿ ಕೇಳುವುದು ಮೊದಲ ಎರಡರಲ್ಲಿ. ಉಳಿದ ಕಡೆ ಬಹಳ ಕಾಲದಿಂದ ಎಡರಂಗದ, ಅಂದರೆ ಸಿಪಿಎಂ ಕೂಟದ, ಬೇರು ಆಳ. ಅಂದರೆ ನಾವು ಕನ್ನಡ ಓದುವವರೆಲ್ಲ ಒಟ್ಟಾದರೂ ನಮ್ಮಿಂದಲೇ ಒಬ್ಬರು ಗೆಲ್ಲುವುದಿಲ್ಲ. 1980, 1989, 1991ರಲ್ಲಿ ಸಿಪಿಎಂನಿಂದ ರಾಮಣ್ಣ ರೈ, 1984ರಲ್ಲಿ ಕಾಂಗ್ರೆಸ್ಸಿನಿಂದ ರಾಮ ರೈ ಗೆದ್ದರು. ಇಬ್ಬರೂ ನಮ್ಮ ಈಚೆ ಕಡೆಯವರು, ಆದರೆ ಗೆದ್ದದ್ದು ತೆಂಕಿನ ಓಟೂ ಸಿಕ್ಕಿದ್ದರಿಂದ. 1996ರಿಂದ 2014ರವರೆಗೆ ಸಿಪಿಎಂ ಒಂದೇ ಸಮನೆ ಗೆದ್ದಿತು. 2019ರಲ್ಲಿ ಕಾಂಗ್ರೆಸ್ಸಿನ ರಾಜ್‌ಮೋಹನ್ ಉಣ್ಣಿತ್ತಾನ್ ಸುಮಾರು 40 ಸಾವಿರ ಓಟಿನಲ್ಲಿ, 2024ರಲ್ಲಿ ಸುಮಾರು 1 ಲಕ್ಷದಲ್ಲಿ ಗೆದ್ದರು. ಬಿಜೆಪಿ 2024ರಲ್ಲಿ ಕನ್ನಡ ಬಲ್ಲ ಎಂ.ಎಲ್. ಅಶ್ವಿನಿ ಅವರನ್ನು ನಿಲ್ಲಿಸಿತ್ತು, 2 ಲಕ್ಷಕ್ಕೂ ಹೆಚ್ಚು ಓಟು ಬಂತು, ಆದರೂ ಮೂರನೇ ಸ್ಥಾನ.

ಹೊರಗಿನವರಿಗೆ ಗೊಂದಲ ಆಗುವುದು ಇಲ್ಲಿ. ನಿಮ್ಮಲ್ಲಿ ಈ ಕಡೆ, ಆ ಕಡೆ ಅಂತ ಎರಡು. ನಮ್ಮಲ್ಲಿ ಎಡರಂಗ, ಕಾಂಗ್ರೆಸ್ಸೂ ಮುಸ್ಲಿಂ ಲೀಗೂ ಇರುವ ಐಕ್ಯರಂಗ, ಬಿಜೆಪಿ ಅಂತ ಮೂರು. ಎಡರಂಗವೂ ಕಾಂಗ್ರೆಸ್ಸೂ ಇಲ್ಲಿ ಹಗಲು ರಾತ್ರಿ ಜಗಳ ಆಡುತ್ತವೆ, ದಿಲ್ಲಿಗೆ ಹೋದರೆ ಒಂದೇ ಸಾಲಿನಲ್ಲಿ ಕೂರುತ್ತವೆ. ಮೋದಿಯವರ ಸರ್ಕಾರ ಬೇಕು ಅನ್ನುವವರಿಗೆ ದಾರಿ ನೇರ, ಬೇಡ ಅನ್ನುವವರಿಗೆ ಇಬ್ಬರಲ್ಲಿ ಯಾರು ಅನ್ನುವ ಪ್ರಶ್ನೆ ಉಳಿಯುತ್ತದೆ. ಅದೇ ಮಂಜೇಶ್ವರದಲ್ಲಿ ವಿಧಾನಸಭೆಗೆ ಓಟು ಹಾಕುವಾಗ ಪೈಪೋಟಿ ಮುಸ್ಲಿಂ ಲೀಗಿಗೂ ಬಿಜೆಪಿಗೂ. 2016ರಲ್ಲಿ ಲೀಗ್ ಗೆದ್ದದ್ದು 89 ಓಟಿನಲ್ಲಿ, 2021ರಲ್ಲಿ 745ರಲ್ಲಿ. ಎಂಬತ್ತೊಂಬತ್ತು! ಒಂದು ಮದುವೆ ಮನೆಯಲ್ಲಿ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಹಾಗಾಗಿ ಯಾರು ಗೆಲ್ಲಬೇಕು ಅನ್ನುವುದಕ್ಕಿಂತ ಯಾರು ಗೆಲ್ಲಬಾರದು ಅಂತ ನೋಡಿ ಓಟು ಹಾಕುವ ಅಭ್ಯಾಸ ನಮ್ಮವರಿಗೆ ಬಂದುಬಿಟ್ಟಿದೆ. 2021ರಲ್ಲಿ ಗೆದ್ದ ಲೀಗಿನ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ, ಇದನ್ನೂ ನೀವು ತಿಳಿದಿರಬೇಕು. ಕನ್ನಡ ಇಲ್ಲಿ ಒಂದು ಪಕ್ಷದ್ದೂ ಅಲ್ಲ, ಒಂದು ಜಾತಿಯದ್ದೂ ಅಲ್ಲ.

ಒಂದೊಂದು ಮನೆಗೆ ಅದರದ್ದೇ ಕಾರಣ ಉಂಟು. ನಮ್ಮ ತೋಟದ ಕೆಳಗಿನ ಮನೆಯವರು ಹಿಂದೆ ಒಕ್ಕಲು ಇದ್ದವರು. 1970ರಲ್ಲಿ ಕೇರಳದ ಭೂಸುಧಾರಣೆ ಬಂದು ಜಾಗ ಅವರದ್ದಾಯಿತು. ಆ ಮನೆಯ ಅಜ್ಜಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು, ಈಗಲೂ ಕತ್ತಿ ಸುತ್ತಿಗೆಯ ಗುರುತು ಬಿಟ್ಟು ಬೇರೆ ಕಡೆ ಬೆರಳು ಒತ್ತುವುದಿಲ್ಲ. ಅದೇ ಕಾನೂನಿನಲ್ಲಿ ಜಾಗ ಕಳೆದುಕೊಂಡ ಮನೆಯವರು ಇವತ್ತಿಗೂ ಆ ಗುರುತಿಗೆ ಹಾಕುವುದಿಲ್ಲ. ಎರಡೂ ಮನೆಯವರ ಜೊತೆ ನಾವು ಊಟ ಮಾಡುತ್ತೇವೆ, ಎರಡೂ ಕಡೆಯ ಮಾತು ನನಗೆ ಅರ್ಥ ಆಗುತ್ತದೆ.

ನನಗೆ ದಿಲ್ಲಿ ಅಂದರೆ ಏನು ಅಂತ ಅರ್ಥ ಮಾಡಿಸಿದ್ದು ಎಂಡೋಸಲ್ಫಾನ್ ಅನ್ನುವ ಕೀಟನಾಶಕ. ನಮ್ಮ ಪಂಚಾಯತಿನ ಗುಡ್ಡಗಳಲ್ಲಿ ಸರ್ಕಾರಿ ಗೇರು ತೋಟ ಉಂಟು. 2000ದವರೆಗೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಹೆಲಿಕಾಪ್ಟರಿನಿಂದ ಆ ವಿಷ ಬಿಟ್ಟರು. ಚಿಕ್ಕವರಾಗಿದ್ದಾಗ ನಾವು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ಆಮೇಲೆ ತಲೆ ದೊಡ್ಡದಾದ ಮಕ್ಕಳು, ಕೈಕಾಲು ಬಾರದ ಮಕ್ಕಳು, ಮಾತೇ ಬಾರದ ಮಕ್ಕಳು. ನಮ್ಮ ಹತ್ತಿರದ ಒಂದು ಮನೆಯಲ್ಲಿ ಅಮ್ಮ ಮಗನನ್ನು ಇಪ್ಪತ್ತು ವರ್ಷ ಎತ್ತಿಕೊಂಡೇ ಸಾಕಿದಳು. ತೋಟ ಕೇರಳದ್ದು, ಆದರೆ ಆ ವಿಷವನ್ನು ದೇಶದಲ್ಲಿ ನಿಲ್ಲಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದದ್ದು ಕೇಂದ್ರ. ಜಗತ್ತಿನ ಮಟ್ಟದಲ್ಲಿ ನಿಷೇಧದ ಮಾತು ಬಂದಾಗ ಭಾರತ ಸರ್ಕಾರ 2011ರವರೆಗೂ ವಿರೋಧವೇ ಮಾಡಿತು. ಕೊನೆಗೆ ಆ ವರ್ಷ ಸುಪ್ರೀಂ ಕೋರ್ಟು ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕು ಅಂತಲೂ ಅದೇ ಕೋರ್ಟು ಹೇಳಿತು. ಆಗಿನಿಂದ ನಾನು ಯಾರಿಗೇ ಓಟು ಹಾಕುವುದಾದರೂ, ಅವರ ಪಕ್ಷ ಅಧಿಕಾರದಲ್ಲಿದ್ದಾಗ ಈ ವಿಷಯದಲ್ಲಿ ಏನು ಮಾಡಿತು ಅಂತ ನೋಡಿಯೇ ಹಾಕುವುದು.

ಅಡಿಕೆಯೂ ದಿಲ್ಲಿಯದ್ದೇ ಕಥೆ. ಹೊರದೇಶದ ಅಡಿಕೆ ಅಗ್ಗಕ್ಕೆ ಬಂದು ಬಿದ್ದರೆ ನಮ್ಮ ದರ ನೆಲ ಕಚ್ಚುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಆಮದಿನ ಕನಿಷ್ಠ ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಬೆಂಗಳೂರಿನವರಿಗೆ ಇದು ಸುದ್ದಿಯೇ ಅಲ್ಲ, ನಮ್ಮಲ್ಲಿ ಎಷ್ಟೋ ಮನೆಯ ಓಟು ಇದರ ಮೇಲೆ ನಿಂತಿದೆ.

ಇನ್ನು 2020ರ ಮಾರ್ಚ್. ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಪೊಲೀಸರು, ಒಳದಾರಿಗಳಿಗೆ ಮಣ್ಣು ಸುರಿದರು. ಆಂಬುಲೆನ್ಸನ್ನೂ ಬಿಡಲಿಲ್ಲ. ಮಂಗಳೂರಿಗೆ ಹೋಗಲಾಗದೆ ಜನ ಸತ್ತರು ಮಾರಾಯ್ರೇ, ಒಬ್ಬಿಬ್ಬರಲ್ಲ. ಡಯಾಲಿಸಿಸ್ ಮಾಡಿಸುತ್ತಿದ್ದ ನಮ್ಮ ಭಾವನನ್ನು ತೆಂಕಕ್ಕೆ, ಗುರುತು ಪರಿಚಯ ಇಲ್ಲದ ಊರಿಗೆ ಕರೆದುಕೊಂಡು ಹೋದೆವು. ಕೇರಳ ಹೈಕೋರ್ಟು ದಾರಿ ಬಿಡಿ ಅಂತ ಹೇಳಿತು, ನಮ್ಮ ಸಂಸದರು ಸುಪ್ರೀಂ ಕೋರ್ಟಿಗೆ ಹೋದರು, ಕೇರಳ ಸರ್ಕಾರವೂ ವಾದ ಮಾಡಿತು, ಕೊನೆಗೆ ಕೇಂದ್ರ ನಡುವೆ ಬಂದು ರೋಗಿಗಳಿಗೆ ಮಾತ್ರ ದಾರಿ ಆಯಿತು. ಆ ಹದಿನೈದು ದಿನದಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಪಂಚಾಯತಿನವರು ಬೆಂಗಳೂರಿಗೆ ಹೇಳುವ ಹಾಗಿಲ್ಲ, ನಮ್ಮ ಶಾಸಕರು ಹೇಳಿದರೂ ಅಲ್ಲಿ ಕೇಳುವವರಿಲ್ಲ. ನಾವು ಆರಿಸಿದವರಲ್ಲಿ ಎರಡೂ ರಾಜ್ಯದವರು ಸೇರುವ ಜಾಗದಲ್ಲಿ ಕೂರುವವರು ಸಂಸದರು ಒಬ್ಬರೇ. ದಕ್ಷಿಣ ಕನ್ನಡದ ಸಂಸದರು ಅದೇ ಸಭೆಯಲ್ಲಿ ಕೂತಿರುತ್ತಾರೆ, ಎದ್ದು ಹೋಗಿ ಮಾತಾಡಬಹುದು. ನಮಗೆ ಓಟಿಲ್ಲದ ಆ ನಾಲ್ಕನೇ ಸರ್ಕಾರವನ್ನು ಮುಟ್ಟಲು ಇರುವ ಕೈ ಅದೊಂದೇ.

ಹಾಗಾಗಿ ಈಗ ನಾನು ನೋಡುವುದು ಹೀಗೆ. ದಿಲ್ಲಿಯಲ್ಲಿ ಯಾವ ಸರ್ಕಾರ ಬಂದರೆ ಅಡಿಕೆಗೆ, ಆರೋಗ್ಯಕ್ಕೆ, ಊರಿನ ಜನ ಜಗಳ ಇಲ್ಲದೆ ಬದುಕುವುದಕ್ಕೆ ಒಳ್ಳೆಯದು ಅಂತ ಮೊದಲು ಯೋಚಿಸುತ್ತೇನೆ. ಆಮೇಲೆ ನಿಂತ ಮೂವರಲ್ಲಿ ಗಡಿಯ ಆಚೆ ಫೋನ್ ಮಾಡಿ ಕೆಲಸ ಮಾಡಿಸಬಲ್ಲವರು ಯಾರು ಅಂತ. ಕನ್ನಡ ಬಂದರೆ ಸಂತೋಷ, ಕನ್ನಡದಲ್ಲಿ ಮಾತಾಡಿದರೆ ಮನಸ್ಸು ಕರಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕನ್ನಡ ಬರುತ್ತದೆ ಅನ್ನುವುದೊಂದಕ್ಕೇ ಓಟು ಕೊಡುವುದಿಲ್ಲ. ಈ ಎರಡು ಲೆಕ್ಕ ಕೆಲವು ಸಲ ಒಂದೇ ಹೆಸರಿಗೆ ಬಂದು ನಿಲ್ಲುವುದಿಲ್ಲ. ಆಗ ನಾನು ಸರ್ಕಾರದ ಲೆಕ್ಕವನ್ನೇ ಮುಂದಿಡುತ್ತೇನೆ, ನನ್ನ ಹೆಂಡತಿ ವ್ಯಕ್ತಿಯ ಲೆಕ್ಕವನ್ನು. ಮನೆಯ ಐದು ಓಟು ಒಂದೇ ಕಡೆ ಬೀಳದೆ ಇರುವುದು ಅದಕ್ಕೇ.

2024ರ ಏಪ್ರಿಲ್ 26ಕ್ಕೆ ನಮಗೂ ದಕ್ಷಿಣ ಕನ್ನಡಕ್ಕೂ ಒಂದೇ ದಿನ ಮತದಾನ ಇತ್ತು. ಸಂಜೆ ಅಕ್ಕ ವಿಟ್ಲದಿಂದ ಫೋನ್ ಮಾಡಿದಳು. "ನಿಮ್ಮಲ್ಲಿ ನಿಂತದ್ದು ಯಾರೆಲ್ಲ ತಮ್ಮಾ" ಅಂತ ಕೇಳಿದಳು. ಮೂರು ಹೆಸರು ಹೇಳಿದೆ, ಒಂದನ್ನೂ ಅವಳು ಕೇಳಿರಲಿಲ್ಲ. ಅವಳಲ್ಲಿ ನಿಂತಿದ್ದ ಬ್ರಿಜೇಶ್ ಚೌಟ, ಪದ್ಮರಾಜ್ ಇಬ್ಬರ ಬಗ್ಗೆಯೂ ನನಗೆ ಗೊತ್ತಿತ್ತು. ನಮ್ಮ ಮನೆಗೆ ಬರುವ ಪೇಪರ್ ಮಂಗಳೂರಿನದ್ದು.