ಯೋಗ ಮಾಡಿದರೂ ನೆಮ್ಮದಿ ನಿಲ್ಲುತ್ತಿಲ್ಲ, ‘ನಾನು ಯಾರು’ ಅಂತ ಕೇಳಿಕೊಂಡರೆ ಉತ್ತರ ಬರುತ್ತಿಲ್ಲ. ಏನು ಮಾಡಲಿ?

ನೀವು ಕೇಳಿರುವುದು ಇಷ್ಟು. ಬೆಳಿಗ್ಗೆ ಕ್ಲಾಸಿನಲ್ಲಿ ಸೂರ್ಯ ನಮಸ್ಕಾರ, ಪ್ರಾಣಾಯಾಮ ಎಲ್ಲ ಮಾಡುತ್ತೀರಿ. ಶವಾಸನ ಮುಗಿಸಿ ಏಳುವಾಗ ಹಾಯಾಗಿರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ಮುಟ್ಟುವ ಹೊತ್ತಿಗೆ ಅದೆಲ್ಲ ಮಾಯ. ಕ್ಲಾಸಿನವರು ‘ಆತ್ಮವಿಚಾರ ಮಾಡಿ, ನಾನು ಯಾರು ಅಂತ ಕೇಳಿಕೊಳ್ಳಿ’ ಅಂದರು. ಕೇಳಿಕೊಂಡರೆ ಉತ್ತರ ಬರುವುದಿಲ್ಲ, ತಲೆ ಇನ್ನಷ್ಟು ಭಾರವಾಗುತ್ತದೆ. ಇದಕ್ಕೆ ಬೇರೆ ಕೋರ್ಸ್ ಸೇರಬೇಕಾ?

ನಾನು ಯೋಗ ಟೀಚರ್ ಅಲ್ಲ. ಬೆಂಗಳೂರಿನ ರಾಜಾಜಿನಗರದಲ್ಲಿದ್ದುಕೊಂಡು, ಬ್ಯಾಂಕ್ ಕೆಲಸದ ನಡುವೆ ಸುಮಾರು ವರ್ಷಗಳಿಂದ ಇದನ್ನು ಮಾಡುತ್ತಾ ಬಂದಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ.

ಉತ್ತರ ಬರುತ್ತಿಲ್ಲ ಅಂದಿರಲ್ಲ, ಬರಬೇಕಾಗಿಯೇ ಇಲ್ಲ. ‘ನಾನು ಯಾರು’ ಅನ್ನುವುದನ್ನು ನಾವು ಪರೀಕ್ಷೆಯ ಪ್ರಶ್ನೆ ಥರ ತೆಗೆದುಕೊಳ್ಳುತ್ತೇವೆ. ಓದಿಕೊಂಡವರು ಬೇಗ ಉತ್ತರ ಬರೆದೂಬಿಡುತ್ತಾರೆ: ‘ನಾನು ಈ ದೇಹವಲ್ಲ, ನಾನು ಬ್ರಹ್ಮ.’ ಅದೂ ಒಂದು ಯೋಚನೆಯೇ, ಅಲ್ವಾ? ಮತ್ತೆ ಕೆಲವರು ಪ್ರಶ್ನೆಯನ್ನೇ ಜಪ ಮಾಡುತ್ತಾರೆ. ಈ ದಾರಿಯನ್ನು ನಮ್ಮ ಕಾಲಕ್ಕೆ ತಿಳಿಸಿಕೊಟ್ಟ ರಮಣ ಮಹರ್ಷಿಗಳು ಎರಡನ್ನೂ ವಿಚಾರ ಅಂತ ಕರೆಯಲಿಲ್ಲ.

ಹಾಗಾದರೆ ಅವರು ಹೇಳಿದ್ದೇನು? ಸುಮಾರು 1902ರಲ್ಲಿ ಶಿವಪ್ರಕಾಶಂ ಪಿಳ್ಳೆ ಅನ್ನುವವರು ತಿರುವಣ್ಣಾಮಲೈ ಬೆಟ್ಟದ ವಿರೂಪಾಕ್ಷ ಗುಹೆಗೆ ಹೋಗಿ ಅವರನ್ನು ಪ್ರಶ್ನೆ ಕೇಳಿದರು. ಪಿಳ್ಳೆಯವರು ಕಂದಾಯ ಇಲಾಖೆಯ ನೌಕರರು. ಅಂದರೆ ನಿಮ್ಮ ಹಾಗೆ, ನನ್ನ ಹಾಗೆ, ಆಫೀಸಿಗೆ ಹೋಗುವ ಮನುಷ್ಯ. ರಮಣರಿಗೆ ಆಗ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಮಾತಾಡುತ್ತಿರಲಿಲ್ಲ, ಉತ್ತರಗಳನ್ನು ಬರೆದು ತೋರಿಸಿದರು. ಅದೇ ಮುಂದೆ ‘ನಾನು ಯಾರು?’ ಅನ್ನುವ ಚಿಕ್ಕ ಪುಸ್ತಕವಾಯಿತು.

ಅದರಲ್ಲಿರುವ ವಿಧಾನ ತುಂಬ ಸರಳ. ಒಂದು ಯೋಚನೆ ಬಂತು ಅಂದುಕೊಳ್ಳಿ. ಅದರ ಹಿಂದೆ ಓಡಬೇಡಿ, ಅದನ್ನು ಓಡಿಸಲೂ ಬೇಡಿ. ‘ಇದು ಬಂದಿದ್ದು ಯಾರಿಗೆ?’ ಅಂತ ಕೇಳಿ. ‘ನನಗೆ’ ಅನ್ನಿಸುತ್ತದೆ. ‘ಆ ನಾನು ಯಾರು?’ ಅಂತ ಗಮನವನ್ನು ಅತ್ತ ತಿರುಗಿಸಿ. ಅಷ್ಟೇ. ಅಲ್ಲಿ ಏನೂ ಸಿಗುವುದಿಲ್ಲ. ಸಿಗದೇ ಇದ್ದಾಗ ಸುಮ್ನೆ ಇರಿ. ಎರಡೇ ಕ್ಷಣದಲ್ಲಿ ಇನ್ನೊಂದು ಯೋಚನೆ ಬರುತ್ತದೆ. ಮತ್ತೆ ಅದೇ ಪ್ರಶ್ನೆ.

ತಲೆ ಭಾರವಾಗುವುದು ಯಾಕೆ ಅಂತ ನನಗೊಂದು ಅನುಮಾನ ಇದೆ. ನೀವು ಕೂತು ಮಾಡುತ್ತಿರುವುದು ಆತ್ಮವಿಚಾರ ಅಲ್ಲ, ನಿಮ್ಮದೇ ಪೋಸ್ಟ್‌ಮಾರ್ಟಂ. ‘ನಾನು ಯಾಕೆ ಹೀಗೆ? ನನಗೇ ಯಾಕೆ ಹೀಗಾಗುತ್ತದೆ? ಮೊನ್ನೆ ಹಾಗೆ ಹೇಳಬಾರದಿತ್ತು.’ ಇದಕ್ಕೆ ಕೊನೆಯೇ ಇಲ್ಲ. ಕಥೆ ಬಾಲ್ಯದವರೆಗೂ ಹೋಗುತ್ತದೆ. ಅದು ಬೇರೆ ಕೆಲಸ, ಅದಕ್ಕೂ ಒಂದು ಜಾಗ ಇದೆ, ಇಲ್ಲಿ ಬೇಡ. ಇಲ್ಲಿ ಕಥೆಯ ವಿಷಯವೇ ಬೇಕಿಲ್ಲ. ಕಥೆ ಯಾರದ್ದು ಅನ್ನುವುದೊಂದೇ ಸಾಕು.

ಆಫೀಸಿನದೇ ಉದಾಹರಣೆ ತೆಗೆದುಕೊಳ್ಳೋಣ. ಮೀಟಿಂಗಿನಲ್ಲಿ ಎಲ್ಲರ ಎದುರು ಯಾರೋ ‘ಇದನ್ನು ಸರಿಯಾಗಿ ಮಾಡಿಲ್ಲ’ ಅಂದರು. ಮುಖ ಬಿಸಿಯಾಯಿತು. ಮಾತು ಕೆಲಸದ ಬಗ್ಗೆ. ಆದರೆ ಅವಮಾನ ಆಗಿದ್ದು ಯಾರಿಗೆ? ‘ನನಗೆ.’ ಯಾವ ನನಗೆ? ಹತ್ತು ವರ್ಷ ಅನುಭವ ಇರುವ ನನಗೆ, ಟೀಮಿನಲ್ಲಿ ಸೀನಿಯರ್ ಆದ ನನಗೆ. ಆ ಸೀನಿಯರ್ ನಿನ್ನೆ ರಾತ್ರಿ ಗಾಢ ನಿದ್ದೆಯಲ್ಲಿ ಎಲ್ಲಿದ್ದರು? ಇರಲಿಲ್ಲ. ಆದರೂ ಬೆಳಿಗ್ಗೆ ಎದ್ದು ‘ಚೆನ್ನಾಗಿ ನಿದ್ದೆ ಬಂತು’ ಅಂದಿರಿ. ಸೀನಿಯರ್ ಇಲ್ಲದಾಗಲೂ ನೀವು ಇದ್ದಿರಿ. ರಮಣರು ನಿದ್ದೆಯ ಮಾತನ್ನು ಪದೇ ಪದೇ ತರುತ್ತಿದ್ದುದು ಇದಕ್ಕೇ. ಇದನ್ನೆಲ್ಲ ಮೀಟಿಂಗಿನಲ್ಲೇ ಯೋಚಿಸುತ್ತಾ ಕೂರಿ ಅನ್ನುತ್ತಿಲ್ಲ. ‘ಯಾರಿಗೆ?’ ಅನ್ನುವ ಒಂದು ಪದ ಸಾಕು. ಸಿಟ್ಟು ಹೋಗಿಬಿಡುತ್ತದೆ ಅಂತಲ್ಲ. ಸಿಟ್ಟು ಬಂದಿದ್ದಕ್ಕೂ ಬಾಯಿಂದ ಮಾತು ಹೊರಡುವುದಕ್ಕೂ ನಡುವೆ ಸ್ವಲ್ಪ ಜಾಗ ಆಗುತ್ತದೆ. ನನ್ನ ಮಟ್ಟಿಗೆ ಮೊದಲು ಕಂಡ ಫಲ ಅದು. ಕೌಂಟರಿನಲ್ಲಿ ಕೂತವರಿಗೆ ಅದೇನು ಕಮ್ಮಿಯಲ್ಲ.

ಟ್ರಾಫಿಕ್ಕಿನಲ್ಲೂ ಇದೇ. ಆಟೋದವರು ಅಡ್ಡ ಬಂದಾಗ ಮ್ಯಾಟ್ ಹಾಸಿಕೊಂಡು ಅನುಲೋಮ ವಿಲೋಮ ಮಾಡಲು ಆಗುವುದಿಲ್ಲ. ಇದನ್ನು ಮಾಡಬಹುದು. ಕಣ್ಣು ಮಾತ್ರ ರಸ್ತೆ ಮೇಲೇ ಇರಲಿ!

ಇನ್ನು ಯೋಗಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಆಸನ ಯೋಗದ ಒಂದು ಅಂಗ, ಅಷ್ಟೆ. ಪತಂಜಲಿಯ ಯೋಗಸೂತ್ರದಲ್ಲಿ ಎಂಟು ಅಂಗಗಳಿವೆ. ಅದರಲ್ಲಿ ಆಸನದ ಬಗ್ಗೆ ನೇರವಾಗಿ ಇರುವುದು ಎರಡನೇ ಪಾದದ (ಅಧ್ಯಾಯದ) 46ರಿಂದ 48ರವರೆಗಿನ ಮೂರು ಸೂತ್ರ. ನಿಯಮ ಅನ್ನುವ ಅಂಗದೊಳಗೆ ಸ್ವಾಧ್ಯಾಯ ಬರುತ್ತದೆ. ಈಗಿನ ಟೀಚರ್‌ಗಳು ಅದನ್ನೇ ಆತ್ಮವಿಚಾರ ಅಂತ ಹೇಳಿಬಿಡುತ್ತಾರೆ. ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ನೋಡಿದರೆ ಸ್ವಾಧ್ಯಾಯ ಅಂದರೆ ಓಂಕಾರದ ಜಪ ಅಥವಾ ಮೋಕ್ಷಶಾಸ್ತ್ರಗಳ ಓದು. ನನಗೆ ಹೆಚ್ಚು ಹತ್ತಿರ ಅನ್ನಿಸುವುದು ಮೊದಲ ಪಾದದ ಎರಡು ಮತ್ತು ಮೂರನೇ ಸೂತ್ರ: ಮನಸ್ಸಿನ ಓಡಾಟ ನಿಂತಾಗ ನೋಡುವವನು ತನ್ನ ಸ್ವರೂಪದಲ್ಲಿ ನಿಲ್ಲುತ್ತಾನೆ. ರಮಣರು ಹಿಡಿದದ್ದು ನೇರವಾಗಿ ಆ ನೋಡುವವನನ್ನೇ.

ಪ್ರಾಣಾಯಾಮ ವ್ಯರ್ಥವಾ ಹಾಗಾದರೆ? ಇಲ್ಲ. ಉಸಿರು ಹಿಡಿತದಲ್ಲಿ ಇರುವಷ್ಟು ಹೊತ್ತು ಮನಸ್ಸೂ ಅಡಗಿರುತ್ತದೆ, ಉಸಿರು ಬಿಟ್ಟಾಗ ಅದೂ ಹೊರಗೆ ಬಂದು ಅಲೆಯುತ್ತದೆ ಅಂತ ರಮಣರ ‘ನಾನು ಯಾರು?’ ಪುಸ್ತಕದಲ್ಲೇ ಇದೆ. ನಿಮ್ಮ ಸಿಲ್ಕ್ ಬೋರ್ಡ್ ಸಮಸ್ಯೆ ಇದೇ ಅಲ್ವಾ? ಜಪದ ಬಗ್ಗೆಯೂ ಒಂದು ಮಾತಿದೆ. ಆನೆಯ ಸೊಂಡಿಲು ಸುಮ್ಮನಿರುವುದಿಲ್ಲ, ಅದಕ್ಕೊಂದು ಸರಪಳಿ ಕೊಟ್ಟರೆ ಅದನ್ನೇ ಹಿಡಿದುಕೊಂಡು ನಡೆಯುತ್ತದೆ; ಮನಸ್ಸಿಗೆ ಜಪವೂ ಹಾಗೇ. ಉಸಿರು, ಜಪ, ಮಿತವಾದ ಸಾತ್ವಿಕ ಊಟ ಎಲ್ಲವೂ ಮನಸ್ಸನ್ನು ಒಂದು ಕಡೆ ತರಲು ಸಹಾಯ ಮಾಡುತ್ತವೆ. ಹಾಗಾಗಿ ಕ್ಲಾಸ್ ಬಿಡಬೇಡಿ. ಪ್ರಾಣಾಯಾಮ ಮುಗಿದ ಮೇಲೆ ತಕ್ಷಣ ಫೋನ್ ಎತ್ತಿಕೊಳ್ಳದೆ ಹತ್ತು ನಿಮಿಷ ಕೂತು ವಿಚಾರ ಮಾಡಿ. ಮನಸ್ಸು ಆಗಲೇ ಸ್ವಲ್ಪ ತಗ್ಗಿರುತ್ತದೆ, ಕೆಲಸ ಸುಲಭ. ಶುರುವಿನಲ್ಲಿ ಯೋಚನೆಗಳು ಜಾಸ್ತಿ ಆದ ಹಾಗೆ ಅನ್ನಿಸಬಹುದು. ಜಾಸ್ತಿ ಆಗಿರುವುದಿಲ್ಲ, ಈಗ ಕಾಣುತ್ತಿವೆ. ತಲೆ ಬಿಗಿಯಾದರೆ ನಿಲ್ಲಿಸಿ ನಾಲ್ಕು ಸಲ ನಿಧಾನ ಉಸಿರಾಡಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂತಾದರೆ ಒಬ್ಬರೇ ಕಣ್ಣು ಮುಚ್ಚಿ ಒಳಗೆ ನೋಡುತ್ತಾ ಕೂರಬೇಡಿ. ಮೊದಲು ಡಾಕ್ಟರನ್ನು ನೋಡಿ. ನಮ್ಮೂರಿನಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ಸಾಧನೆ ಕೆಡುತ್ತದೆ ಅಂತ ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಕೋರ್ಸ್ ಬೇಕಾ ಅಂದಿರಿ. ನನ್ನ ಪ್ರಕಾರ ಬೇಡ. ಈ ಪ್ರಶ್ನೆಗೆ ಸಾವಿರಗಟ್ಟಲೆ ಫೀಸ್ ಯಾಕೆ ಕೊಡಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ಪುಸ್ತಕ ಕನ್ನಡದಲ್ಲೇ ಸಿಗುತ್ತದೆ, 28 ಪ್ರಶ್ನೋತ್ತರ, ಒಂದೇ ಸಲಕ್ಕೆ ಓದಿ ಮುಗಿಸಬಹುದು. ಜೊತೆ ಬೇಕು ಅನ್ನಿಸಿದರೆ ಮೇಖ್ರಿ ಸರ್ಕಲ್ ಹತ್ತಿರ ರಮಣರ ಹೆಸರಿನ ಆಶ್ರಮ ಇದೆ, ಹೋಗಿ ಕೂತು ಬನ್ನಿ. ತಿರುವಣ್ಣಾಮಲೈ ಇಲ್ಲಿಂದ ಸುಮಾರು 200 ಕಿಲೋಮೀಟರ್, ಹೊಸೂರು ಕೃಷ್ಣಗಿರಿ ಮೇಲೆ ಬಸ್ ಹೋಗುತ್ತದೆ. ಹುಣ್ಣಿಮೆ ದಿನ ಮಾತ್ರ ಹೋಗಬೇಡಿ. ಗಿರಿಪ್ರದಕ್ಷಿಣೆಯ ಜನಜಾತ್ರೆಯಲ್ಲಿ ಕೂರುವುದಕ್ಕೂ ಜಾಗ ಸಿಗುವುದಿಲ್ಲ. ವಾರದ ನಡುವೆ ಒಂದು ರಜೆ ಹಾಕಿ, ಬೆಳಿಗ್ಗೆ ಬೇಗ ಬೆಟ್ಟ ಹತ್ತಿ. ಬಿಸಿಲು ಏರಿದರೆ ಬೆಟ್ಟದ ಕಲ್ಲು ಕಾದು ಬರಿಗಾಲಲ್ಲಿ ನಡೆಯುವುದು ಕಷ್ಟ.