ಅಪ್ಪನಿಗೆ ಕೆರೆ ಕಾಣುವ ಮನೆ ಹಿಡಿಯಬಹುದಾ?

ಅಮ್ಮ ಹೋದ ಮೇಲೆ ಅಪ್ಪ ಮಂಕಾಗಿದ್ದಾರೆ, ಚಿಕ್ಕಮಗಳೂರಲ್ಲಿ ಕೆರೆ ಕಾಣುವ ಮನೆ ಹಿಡಿದರೆ ಸರಿಹೋಗ್ತಾರಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ.

ನಮ್ಮಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಮೂಡಿಗೆರೆ ಕಡೆಯ ಊರಿಂದ ಕರೆತಂದೆವು. ಬಸವನಹಳ್ಳಿ ಕೆರೆ ಕಾಣುವ ಮನೆ, ಮೂರನೇ ಮಹಡಿ. ಲಿಫ್ಟ್ ಇಲ್ಲ. ನಾನು ಕಿಟಕಿ ನೋಡಿ ಅಡ್ವಾನ್ಸ್ ಕೊಟ್ಟೆ, ಮೆಟ್ಟಿಲು ನೋಡಲೇ ಇಲ್ಲ. ಅಮ್ಮನಿಗೆ ಮಂಡಿನೋವು ಅಂತ ಗೊತ್ತಿತ್ತು. ಆದರೂ ಮನೆಯಿಂದಲೇ ನೀರು ಕಾಣುವಾಗ ಕೆಳಗೆ ಇಳಿಯೋದ್ಯಾಕೆ ಅಂದುಕೊಂಡೆ. ಇಳಿದರೂ ರಸ್ತೆ ದಾಟಬೇಕು, ವೀಕೆಂಡ್ ಬಂದರೆ ಟೂರಿಸ್ಟ್ ಗಾಡಿಗಳು ಬಿಡುವುದೇ ಇಲ್ಲ. ಅಮ್ಮ ಇಳಿಯುವುದನ್ನೇ ಬಿಟ್ಟರು. ಕಿಟಕಿ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಮಡಿಲಲ್ಲಿ ಅವರೆಕಾಯಿ ತಟ್ಟೆ. ಸಂಜೆ ನಾನು ಬಂದರೆ ಒಂದೇ ಸುದ್ದಿ: "ನೀರುಕಾಗೆ ಇವತ್ತೂ ರೆಕ್ಕೆ ಒಣಗಿಸ್ತಾ ಕೂತಿತ್ತು." ಮಳೆಗಾಲದಲ್ಲಿ ಅದೂ ಕಾಣುತ್ತಿರಲಿಲ್ಲ. ಊಟ ಕಡಿಮೆಯಾಯಿತು, ರಾತ್ರಿ ನಿದ್ದೆ ಹೋಯಿತು.

ಕೊನೆಗೆ ಡಾಕ್ಟರಿಗೆ ತೋರಿಸಿದೆವು, ಮಾತ್ರೆ ಶುರುವಾಯಿತು. ಮನೆಯನ್ನೂ ಬದಲಾಯಿಸಿದೆವು. ಈಗಿನದು ನೆಲಮಹಡಿ, ಕೆರೆ ಕಾಣಲ್ಲ. ಆದರೆ ಅಮ್ಮನ ನಡಿಗೆಗೂ ಹತ್ತು ನಿಮಿಷದ ದಾರಿ. ಪಕ್ಕದ ಮನೆಯವರ ಜೊತೆ ಹೋಗಿ ಏರಿ ಮೇಲೆ ಕೂತು, ಸೊಸೆಯಂದಿರ ಮೇಲೆ ದೂರು ಹೇಳಿಕೊಂಡು ಬರ್ತಾರೆ. ನನ್ನ ಹೆಂಡತಿಯೂ ಆ ಪಟ್ಟಿಯಲ್ಲಿದ್ದಾಳೆ, ಇರಲಿ ಬಿಡಿ.

ಹಾಂಗ್‌ಕಾಂಗ್‌ನ ಹಿರಿಯರ ಬಗ್ಗೆ 2019ರಲ್ಲಿ ಬಂದ ಒಂದು ಅಧ್ಯಯನ ಆಮೇಲೆ ಓದಿದೆ. ಮನೆಯಿಂದ ನೀರು ಕಾಣುವವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂದಿದ್ದೇ ಜಾಸ್ತಿ. ಆದರೆ ಮನಸ್ಸಿನ ನೆಮ್ಮದಿ ಹೆಚ್ಚು ಕಂಡಿದ್ದು ಬೇಕಂತಲೇ ನೀರಿನ ಹತ್ತಿರ ಹೋಗಿ ಬರುವವರಲ್ಲಿ. 10-15 ನಿಮಿಷದ ನಡಿಗೆಯೊಳಗೆ ಮನೆ ಇದ್ದವರೇ ಹಾಗೆ ಜಾಸ್ತಿ ಹೋಗುತ್ತಿದ್ದರಂತೆ.

ಅದಕ್ಕೇ ಹೇಳೋದು, 'ಲೇಕ್ ವ್ಯೂ' ಅಂತ ಓನರ್ ಕೇಳುವ ಜಾಸ್ತಿ ಬಾಡಿಗೆ ಸುಮ್ನೆ ದಂಡ. ಅಪ್ಪ ಊಟ ನಿದ್ದೆ ಬಿಟ್ಟಿದ್ದರೆ ಮನೆ ಹುಡುಕುವುದು ಆಮೇಲಿರಲಿ, ಮೊದಲು ಡಾಕ್ಟರ್. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮನೆ ನೋಡುವಾಗ ಅಪ್ಪನನ್ನೇ ಕರ್ಕೊಂಡು ಹೋಗಿ. ಬಾಗಿಲಿಂದ ಕೆರೆವರೆಗೆ ಅವರೇ ನಡೆಯಲಿ. ಕೂರಲು ಜಾಗ ಇದೆಯಾ, ಸೊಳ್ಳೆ ಎಷ್ಟು, ಅವರ ವಯಸ್ಸಿನವರು ಯಾರಾದರೂ ಬರ್ತಾರಾ ನೋಡಿ. ಅಡ್ವಾನ್ಸ್ ಮಾತು ಆಮೇಲೆ.