ಚಂದಾ ನಿಲ್ಲಿಸ್ತೀನಿ ಅಂದ ಮೇಷ್ಟ್ರಿಗೆ

ಮೇಷ್ಟ್ರೇ ನಮಸ್ಕಾರ,

ನಮ್ಮ ದಾವಣಗೆರೆ ಪಿ.ಜೆ. ಬಡಾವಣೆಯಿಂದ ನೀವು ಬರ್ದಿರೋ 4 ಪುಟದ ಕಾಗದ ಸಿಕ್ತು, ಎರಡು ಸಲ ಓದಿದೆ. ನಾವು ಕಂತು ಕಂತಾಗಿ ಹಾಕ್ತಿರೋ ಕಂಪನಿ ನಾಟಕದ ಹಾಸ್ಯನಟರ ಆತ್ಮಕಥೆ ಓದಿ ನಿಮಗೆ ತಲೆ ಕೆಟ್ಟಿದೆ. ಕುಡಿದು ಸ್ಟೇಜ್ ಹತ್ತಿದ್ದು, ಹೆಂಡತಿ ಸರ ಅಡ ಇಟ್ಟಿದ್ದು, ಜೊತೆ ನಟಿ ವಿಷಯ, ಇದೆಲ್ಲಾ ಮನೆಮಂದಿ ಓದೋ ಪತ್ರಿಕೇಲಿ ಯಾಕೆ, ನಗಿಸಿದೋರು ನಗಿಸ್ಕೊಂಡೇ ಹೋಗ್ಬೇಕಿತ್ತು, ವೃತ್ತಿ ರಂಗಭೂಮಿ ಮಾನ ಹರಾಜು ಹಾಕಿದ್ರಿ ಅಂತ ಬೈದಿದೀರಿ. ಕೊನೇಲಿ ಚಂದಾ ನಿಲ್ಲಿಸ್ತೀನಿ ಅಂತಾನೂ.

ಮಾನದ ಮಾತು ಮೊದಲು ಮುಗಿಸ್ಬಿಡ್ತೀನಿ. ಕೆ.ಬಿ.ಆರ್. ನಾಟಕ ಕಂಪನಿಯ ನಟಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆ ಪಟ್ಟ ಊರು ಇದು (ನಮ್ಮ ನಟರು ಆ ಕಂಪನಿಯೋರಲ್ಲ, ಗಾಳಿಸುದ್ದಿ ಬೇಡ). ಅಂಥಾ ರಂಗಭೂಮಿ ಒಬ್ಬ ಮನುಷ್ಯನ 13 ಕಂತಿಗೆ ಬಿದ್ದುಹೋಗಲ್ಲ ಬಿಡಿ.

ನಾನು ಯಾಕೆ ಹಾಕಿದೆ ಅಂದ್ರೆ, ಅವರು ತಂದುಕೊಟ್ಟಿದ್ದು 200 ಪೇಜಿನ ಸ್ಕೂಲ್ ನೋಟ್‌ಬುಕ್ಕು, ನೀಲಿ ಬಾಲ್‌ಪೆನ್ನಲ್ಲಿ ಬರ್ದಿದ್ದು. ನಿಮಗೆ ಸಿಟ್ಟು ಬಂದಿರೋ 7ನೇ ಕಂತು ಇದೆಯಲ್ಲ, ದುರ್ಗಮ್ಮನ ಜಾತ್ರೆ ಕ್ಯಾಂಪು, ಕಲೆಕ್ಷನ್ ಬಿದ್ದುಹೋಗಿ ಮಾಲೀಕರು ಸ್ವಲ್ಪ ಖಾರ ಹಾಕ್ರಿ ಅಂತಾರೆ, ಇವರು ಡಬಲ್ ಮೀನಿಂಗ್ ಹಾಕ್ತಾರೆ, ಶಿಳ್ಳೆ ಬೀಳುತ್ತೆ, ಮಾರನೇ ದಿನ ಯಾರೂ ಕೇಳದಿದ್ರೂ ಇನ್ನೆರಡು ಸೇರಿಸ್ತಾರೆ, ಎದುರಿಗೆ ಪಾರ್ಟ್ ಮಾಡ್ತಿದ್ದ ಹುಡುಗಿ ಒಳಗೆ ಬಣ್ಣ ಅಳಿಸ್ಕೊಳ್ತಾ ಅಳ್ತಿದ್ದಿದ್ದು ಗೊತ್ತಿದ್ದೂ. ಅಲ್ಲಿ ಮೊದಲು "ಮಾಲೀಕರ ಬಲವಂತಕ್ಕೆ" ಅಂತ ಬರ್ದಿದ್ರು. ಅದನ್ನ ಪೇಪರ್ ಹರಿಯೋ ಹಂಗೆ ಗೀಚಿ ಮೇಲೆ ಸಣ್ಣಕ್ಷರದಲ್ಲಿ "ನನಗೂ ರುಚಿ ಹತ್ತಿತ್ತು" ಅಂತ ತಿದ್ದಿದಾರೆ. ಆ ಗೀಚಿದ್ದ ಸಾಲು ನೋಡಿಯೇ ಹಾಕೋಣ ಅಂದಿದ್ದು ನಾನು.

ಹೊಗಳಿ ಬಂದ ಪತ್ರಗಳೂ ಅದಾವೆ. ನಗಿಸೋನ ಎದೇಲಿ ಎಷ್ಟು ಅಳು ಅಂತ ಹರಿಹರದವರೊಬ್ರು ಬರ್ದಿದಾರೆ, ನಂಗೆ ಆ ಮಾತು ಕೇಳಿ ಕೇಳಿ ಸಾಕಾಗಿದೆ, ಇವರು ಬರ್ದಿರೋದು ಅಳು ಅಲ್ಲ, ತಮ್ಮ ಸಣ್ಣತನ. ಹತ್ತಿ ಮಿಲ್ಲಲ್ಲಿ ದುಡಿದ ಹಿರಿಯರೊಬ್ರು ಕಾರ್ಡಲ್ಲಿ ಎರಡೇ ಸಾಲು: ಶಿಫ್ಟ್ ಮುಗಿಸಿ ಟೆಂಟಿಗೆ ಹೋಗ್ತಿದ್ವಿ, ಆ ಡೈಲಾಗಿಗೆ ಶಿಳ್ಳೆ ಹೊಡ್ದೋರಲ್ಲಿ ನಾನೂ ಒಬ್ಬ.

ಆದ್ರೆ ಮೇಷ್ಟ್ರೇ, ಒಂದು ಕಡೆ ನೀವು ಹೇಳಿದ್ದು ಸರಿ ಐತಿ. ತನ್ನ ಕಥೆ ಬಿಚ್ಚೋನು ಬೇರೆಯವರ ಗಂಟೂ ಬಿಚ್ತಾನೆ. ಚಾಪ್ಲಿನ್ 1964ರಲ್ಲಿ ಆತ್ಮಕಥೆ ಬರೆದಾಗ ಬಡತನ, ತಾಯಿಗೆ ಬುದ್ಧಿ ಕೆಟ್ಟಿದ್ದು ಎಲ್ಲಾ ಹೇಳ್ಕೊಂಡ, ಎರಡನೇ ಮದುವೆ ವಿಷಯ ಬಂದಾಗ ಮಾತ್ರ ಬೆಳೆದ ಇಬ್ರು ಗಂಡುಮಕ್ಕಳಿದಾರೆ ವಿವರ ಬೇಡ ಅಂತ ದಾಟ್ಕೊಂಡು ಹೋದ. ಹಂಗಂತ ಅವನನ್ನೂ ತೀರಾ ಮೆಚ್ಬೇಕಾಗಿಲ್ಲ, ಲೈಮ್‌ಲೈಟ್ ಸಿನಿಮಾದಲ್ಲಿ ಜೊತೆಗೆ ನಟಿಸಿದ್ದ ಇನ್ನೊಬ್ಬ ದೊಡ್ಡ ಹಾಸ್ಯನಟ ಬಸ್ಟರ್ ಕೀಟನ್ ಹೆಸರೇ ಆ ಪುಸ್ತಕದಲ್ಲಿಲ್ಲ!

ನಮ್ಮ ತಪ್ಪು ಏನಪ್ಪಾ ಅಂದ್ರೆ, ಆ ನಟಿ ಹೆಸರು ತೆಗೆದ್ವಿ, ಊರಿನ ಹೆಸರು ಬಿಟ್ವಿ. ಅವರೇ ಫೋನ್ ಮಾಡಿದ್ರು. ಮೊಮ್ಮಗಳಿಗೆ ಗಂಡು ನೋಡ್ತಿದೀವಿ, ಊರು ಯಾಕ್ರಿ ಹಾಕಿದ್ರಿ ಅಂದ್ರು. ನಾನು ಕ್ಷಮೆ ಕೇಳಿ ಇಡೋಕೆ ಹೋದ್ರೆ, ತಡೀರಿ, ನನಗೆ ಒಂದು ನೈಟ್ ಆಟಕ್ಕೆ 50 ರೂಪಾಯಿ ಕೊಡ್ತಿದ್ರು ಅಂತ ಬರ್ದಾನಲ್ಲ, 35 ಕೊಡ್ತಿದ್ರು, ಅದನ್ನೂ ತಿದ್ರಿ ಅಂದ್ರು. ಎರಡನ್ನೂ ಈ ಸಂಚಿಕೇಲಿ ತಿದ್ದಿದೀವಿ.

ನಟರ ಹೆಂಡತಿಯವರನ್ನ ಕೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ನಿಮ್ಮ ಕಾಗದ ಓದಿದ್ಮೇಲೆ ಹೋಗಿದ್ದೆ. ಮಂಡಕ್ಕಿ ಮೆಣಸಿನಕಾಯಿ ಕೊಟ್ರು, ಟೀ ಕೊಟ್ರು, ಸರದ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಮುಂದಿನ ಕಂತುಗಳನ್ನ ಮೊದಲು ಅವರಿಗೆ ಓದಿ ಹೇಳಿ ಆಮೇಲೆ ಪ್ರೆಸ್ಸಿಗೆ ಕಳ್ಸೋದು ಅಂತ ಮಾಡಿದೀನಿ, ಅದಕ್ಕೇ ಈ ಸಲ ಆತ್ಮಕಥೆ ಇಲ್ಲ.

ನಿಮ್ಮ ಚಂದಾ ಮಾರ್ಚ್ ತನಕ ಕಟ್ಟಿದೆ, ಅಲ್ಲೀವರೆಗೆ ಪತ್ರಿಕೆ ಬರ್ತಾನೇ ಇರುತ್ತೆ.

ನಿಮ್ಮ,
ಸಂಪಾದಕ